ಹಸಿರು ಎಂಜಿನ್ನು ಮತ್ತು ನಮ್ಮ ಮಾವನ ಕಿವಿ

ಕಳೆದ ಕಾರ್ತೀಕದಲ್ಲಿ ಗಣಪತಿ ನೋಡೋಕೆ ಅಂತ ಊರಿಗೆ ಹೋಗಿದ್ದೆ. ನಮ್ಮೂರು ಗೂಳೂರು. ಬೇರೆ ಊರುಗಳಲ್ಲಿ ಚೌತಿ ದಿನ ಗಣಪನನ್ನು ತಂದು ಕೂರಿಸಿದರೆ ನಮ್ಮಲ್ಲಿ ಅವತ್ತು ಮಣ್ಣು ತಂದು ಮಾಡೋದಕ್ಕೆ ಶುರು. ಬಲಿಪಾಡ್ಯಮಿ ಹೊತ್ತಿಗೆ ಬಣ್ಣ ಮುಗಿದಿರುತ್ತೆ, ಆಮೇಲೆ ತಿಂಗಳುಗಟ್ಟಲೆ ಪೂಜೆ. ಹಾಗಾಗಿ ಬಣ್ಣದ ಬಗ್ಗೆ ಅಭಿಪ್ರಾಯ ಹೇಳದ ಗೂಳೂರಿನವನು ಸಿಗೋದು ಕಷ್ಟ. ನಾನೂ ಇವತ್ತು ಬಣ್ಣದ ಬಗ್ಗೆಯೇ ಬರೆಯೋಕೆ ಕೂತಿದ್ದೀನಿ. ಆದರೆ ರೈಲು ಎಂಜಿನ್ನಿನ ಬಣ್ಣ. ನಗಬೇಡಿ, ಪೂರ್ತಿ ಓದಿ.

ಪೂಜೆ ಮುಗಿಸಿಕೊಂಡು ಮಾರನೇ ದಿನ ಗುಬ್ಬಿ ಕಡೆ ನಮ್ಮ ಸೋದರಮಾವನ ತೋಟಕ್ಕೆ ಹೋದೆ. ತೋಟಕ್ಕೂ ಊರಿಗೂ ನಡುವೆ ರೈಲು ಹಳಿ. ಮೊದಲು ಅಲ್ಲೊಂದು ಗೇಟಿತ್ತು, ಈಗ ಗೇಟು ಮುಚ್ಚಿ ಕೆಳಗೆ ಅಂಡರ್‌ಪಾಸ್ ಮಾಡಿದ್ದಾರೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ಅಂಡರ್‌ಪಾಸ್ ಒಳಗೆ ಮೊಣಕಾಲಿನವರೆಗೂ ನೀರು, ಕೆಸರು. ಎಲ್ಲರೂ ಮಾಡೋ ಹಾಗೆ ಮಾವನೂ ಟಿವಿಎಸ್ ಮೇಲೆ ಎರಡು ಚೀಲ ಕಾಯಿ ಹೇರಿಕೊಂಡು, ಹಳೇ ಗೇಟಿದ್ದ ಜಾಗದಲ್ಲೇ ತಳ್ಳಿಕೊಂಡು ಹಳಿ ಹತ್ತಿದರು. ನಾನು ಹಿಂದಿನಿಂದ ದಬ್ಬುತ್ತಿದ್ದೆ. ಎಡಗಡೆ ನೋಡಿದೆ, ಏನೂ ಇಲ್ಲ. ಬಲಗಡೆ ನೋಡಿದೆ, ತೆಂಗಿನ ತೋಟ. ಎರಡನೇ ಸಲ ನೋಡಿದಾಗ ಆ ತೋಟದಲ್ಲಿ ಒಂದು ಚೂರು ಮಾತ್ರ ಅಲ್ಲಾಡದೆ ನಿಂತಿದೆ ಅನ್ನಿಸಿತು. ಅದು ಎಂಜಿನ್ನು!

ಗೂಡ್ಸ್ ಗಾಡಿ, ಮುಂದೆ ಹಸಿರು ಬಣ್ಣದ ಎಲೆಕ್ಟ್ರಿಕ್ ಎಂಜಿನ್. ಹಾರನ್ ಹೊಡೆದ ಮೇಲೇನೇ ಮಾವ ತಲೆ ಎತ್ತಿದ್ದು. ಅವರಿಗೆ ಬಲಗಿವಿ ಸ್ವಲ್ಪ ಮಂದ. ಗಾಡಿ ಎಳೆದುಕೊಂಡು ಈಚೆ ದಡ ಸೇರಿದೆವು, ಒಂದು ಚೀಲ ಬಿದ್ದು ಕಾಯಿ ಜಲ್ಲಿ ಮೇಲೆಲ್ಲ ಉರುಳಿತು. ಗಾಡಿ ದಾಟಿ ಹೋದ ಮೇಲೆ ಮಾವ ಕೂತುಕೊಂಡು ಬೀಡಿ ಹಚ್ಚಿ ಹೇಳಿದ್ದು ಇಷ್ಟು: "ಡೀಸಲ್ ಇದ್ದಾಗ ನೆಲ ಅದುರ್ತಿತ್ತು ಕಣಪ್ಪಾ. ಕಿವಿ ಯಾಕೆ ಬೇಕು, ಕಾಲಿಗೇ ಗೊತ್ತಾಗ್ತಿತ್ತು. ಇದು ಬೆಕ್ಕು ಬಂದಂಗೆ ಬತ್ತದೆ."

ತಪ್ಪು ನಮ್ಮದೇ, ಅದನ್ನು ಮೊದಲೇ ಒಪ್ಪಿಕೊಂಡುಬಿಡ್ತೀನಿ. ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಹಾಗೆ ಹಳಿ ಮೇಲೆ ಹೋಗೋದು ಅಪರಾಧ. ಆದರೆ ಮಾವನ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಯೋಚಿಸಿ ನೋಡಿ. ಬೆಂಗಳೂರು-ತುಮಕೂರು ರೈಲು ಬಂದಿದ್ದು 1884ರಲ್ಲಿ, ಮೀಟರ್ ಗೇಜು. ಆಗಿನ ಹಬೆ ಎಂಜಿನ್ನು ಕಪ್ಪಗಿದ್ದರೂ ಯಾರಿಗೂ ಕಾಣಲಿಲ್ಲ ಅನ್ನೋ ಹಾಗಿರಲಿಲ್ಲ. ಹೊಗೆ ಮೈಲಿ ದೂರಕ್ಕೆ ಕಾಣೋದು, ಸದ್ದು ಅದಕ್ಕಿಂತ ಮೊದಲೇ ಕೇಳೋದು. 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯ್ತು, ಡೀಸೆಲ್ ಎಂಜಿನ್ನುಗಳದೇ ರಾಜ್ಯ. ಅವುಗಳ ಗುಡುಗು ಸಣ್ಣದೇನಲ್ಲ. ಈಗ ಕೆಲವು ವರ್ಷಗಳಿಂದ ತಲೆ ಮೇಲೆ ತಂತಿ ಬಂದಿದೆ. ಡೀಸೆಲ್ಲಿಗೇ ಹೆಸರಾಗಿದ್ದ ಕೃಷ್ಣರಾಜಪುರದ ಶೆಡ್ಡಿನಲ್ಲೂ ಎಲೆಕ್ಟ್ರಿಕ್ ಎಂಜಿನ್ನುಗಳು ಬಂದಿವೆ. ಹೊಗೆ ಇಲ್ಲ, ಸದ್ದು ಕಡಿಮೆ. ಒಳ್ಳೆಯದೇ. ಆದರೆ ಹೊಗೆ ಮತ್ತು ಸದ್ದು ನೂರು ವರ್ಷ ಪುಕ್ಕಟೆಯಾಗಿ ಮಾಡುತ್ತಿದ್ದ ಒಂದು ಕೆಲಸ ಇತ್ತಲ್ಲ, "ಬರ್ತಾ ಇದ್ದೀನಿ" ಅಂತ ಹೇಳೋ ಕೆಲಸ, ಅದನ್ನು ಈಗ ಮಾಡಬೇಕಾಗಿರೋದು ಹಾರನ್ನು, ದೀಪ ಮತ್ತು ಬಣ್ಣ. ಹಾರನ್ನು ಹೊಡೆಯೋ ಜಾಗವನ್ನು ಹಳದಿ ಬೋರ್ಡಿನಲ್ಲಿ ಬರೆದು ನಿಲ್ಲಿಸಿದ್ದಾರೆ. ದೀಪವೂ ಇದೆ. ಬಣ್ಣದ ಬಗ್ಗೆ ಮಾತ್ರ, ನೋಡೋಕೆ ಚೆನ್ನಾಗಿದ್ದರೆ ಸಾಕು ಅಂತ ಯೋಚಿಸಿದ ಹಾಗಿದೆ.

ಸಾಮಾನು ಗಾಡಿ ಎಳೆಯುವ ಡಬ್ಲ್ಯುಎಜಿ-9 ನೋಡಿರಬಹುದು ನೀವು. ಹಸಿರು ಮೈ, ನಡುವೆ ತಿಳಿಹಳದಿ ಪಟ್ಟೆ. ಪ್ರಯಾಣಿಕರ ಗಾಡಿ ಎಳೆಯೋ ಡಬ್ಲ್ಯುಎಪಿ-7 ಬಿಳಿ, ಕೆಂಪು ಪಟ್ಟೆ. ಹಳೇ ಡಬ್ಲ್ಯುಎಪಿ-4ಗಳು ಕೆಂಪು. ಡೀಸೆಲ್ ಕಾಲದಲ್ಲಂತೂ ಒಂದೊಂದು ಶೆಡ್ಡಿಗೆ ಒಂದೊಂದು ಬಣ್ಣ, ರೈಲಿನ ಹುಚ್ಚಿರುವವರು ಬಣ್ಣ ನೋಡಿಯೇ ಇದು ಯಾವ ಶೆಡ್ಡಿಂದು ಅಂತ ಹೇಳ್ತಿದ್ದರು. (ನಾನೂ ಅದೇ ಜಾತಿ :) ) ಈ ನಡುವೆ ಎಂಜಿನ್ನಿನ ಮೈತುಂಬ ಜಾಹೀರಾತು ಅಂಟಿಸೋದೂ ಶುರುವಾಯ್ತು. ರಾಜಸ್ಥಾನದ ಮರಳಿನಲ್ಲಿ ಹಸಿರು ಎಂಜಿನ್ನು ಎದ್ದು ಕಾಣುತ್ತೇನೋ. ಗುಬ್ಬಿ, ನಿಟ್ಟೂರು, ತಿಪಟೂರು ಅಂದರೆ ಹಳಿಯ ಎರಡೂ ಕಡೆ ತೆಂಗು, ಅಡಿಕೆ. ಅಲ್ಲಿ ಹಸಿರು ಎಂಜಿನ್ನು ಓಡಿಸೋದು ಒಂದೇ, ಬೇಟೆಗೆ ಹೋಗೋವನು ಹಸಿರು ಅಂಗಿ ತೊಡೋದು ಒಂದೇ.

ಸ್ವಲ್ಪ ಲೆಕ್ಕ ಹಾಕೋಣ. ಜೋಡಿ ಹಳಿ, ಜಲ್ಲಿ ಮೇಲೆ ಹೇರು ಗಾಡಿ ತಳ್ಳಿಕೊಂಡು ದಾಟೋದಕ್ಕೆ ಹದಿನೈದು ಸೆಕೆಂಡ್ ಬೇಕೇ ಬೇಕು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಬರುವ ರೈಲು ಅಷ್ಟರಲ್ಲಿ 450 ಮೀಟರಿಗಿಂತ ಹೆಚ್ಚು ಬಂದಿರುತ್ತೆ. ಅಂದರೆ ಅರ್ಧ ಕಿಲೋಮೀಟರ್ ಆಚೆಯೇ ಅದನ್ನು ಗುರುತಿಸಬೇಕು. ಅಷ್ಟು ದೂರದಲ್ಲಿ ಮೂರು ಮೀಟರ್ ಅಗಲದ ಎಂಜಿನ್ ಮೂತಿ ಎಷ್ಟು ಕಾಣುತ್ತೆ ಗೊತ್ತಾ? ಕೈ ಚಾಚಿ ಒಂದು ಹೆಸರುಕಾಳು ಹಿಡಿದರೆ ಎಷ್ಟೋ ಅಷ್ಟು. ಅದೂ ಹಸಿರು ಕಾಳು, ಹಸಿರು ತೋಟದ ಮುಂದೆ.

ಇದರ ಜೊತೆಗೆ ನಮ್ಮ ಕಣ್ಣೂ ಮೋಸ ಮಾಡುತ್ತೆ. ನಮಗೆ ಢಿಕ್ಕಿ ಹೊಡೆಯೋ ದಾರಿಯಲ್ಲೇ ಬರುತ್ತಿರೋ ವಸ್ತು ಪಕ್ಕಕ್ಕೆ ಸರಿಯೋದೇ ಇಲ್ಲ, ಇದ್ದಲ್ಲೇ ಇದ್ದ ಹಾಗೆ ಕಾಣುತ್ತೆ. ಅವತ್ತು ನನಗೆ ಆಗಿದ್ದೂ ಅದೇ. ದೊಡ್ಡ ವಸ್ತು ನಿಜಕ್ಕಿಂತ ನಿಧಾನವಾಗಿ ಬರುತ್ತಿರುವ ಹಾಗೆ ತೋರುತ್ತೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಷಲ್ ಲೈಬೊವಿಟ್ಸ್ 1985ರಲ್ಲಿ ರೈಲ್ವೆ ಗೇಟಿನ ಅಪಘಾತಗಳ ಬಗ್ಗೆಯೇ ಬರೆದಿದ್ದರು. ದೂರದಲ್ಲಿ ನಿಧಾನ ಅಂದುಕೊಂಡಿದ್ದು ಕಣ್ಣು ಮಿಟುಕಿಸೋದರೊಳಗೆ ಮೈಮೇಲೆ. ಅಷ್ಟು ಹೊತ್ತಿಗೆ ಲೋಕೋ ಪೈಲಟ್ ಬ್ರೇಕ್ ಹಾಕಿದರೂ ಪ್ರಯೋಜನವಿಲ್ಲ, ರೈಲು ಸೈಕಲ್ಲಿನ ಹಾಗೆ ನಿಲ್ಲೋದಿಲ್ಲ.

ಬೇರೆ ಕಡೆ ಇದನ್ನು ಯೋಚಿಸಿದ್ದಾರೆ. ಬ್ರಿಟನ್ನಿನಲ್ಲಿ ಹಬೆ ಹೋಗಿ ಡೀಸೆಲ್ಲು, ವಿದ್ಯುತ್ತು ಬಂದಾಗ, ಸದ್ದಿಲ್ಲದೆ ಬರುವ ಗಾಡಿಗೆ ಹಳಿ ಕೆಲಸದವರು ಬಲಿಯಾಗಬಾರದು ಅಂತ ಎಂಜಿನ್ ಮೂತಿಗೆ ಹಳದಿ ಬಳಿದರು. 1960ರ ದಶಕದ ಕೊನೆಗೆ ಪೂರ್ತಿ ಮೂತಿಯೇ ಹಳದಿ. ಮೈ ಬಣ್ಣ ಕಂಪನಿ ಬದಲಾದ ಹಾಗೆ ಬದಲಾಯ್ತು, ಮೂತಿ ಮಾತ್ರ ಹಳದಿಯೇ. 2016ರಲ್ಲಿ ಈ ನಿಯಮ ಸಡಿಲ ಮಾಡಿದರು, ಹೆಡ್‌ಲೈಟ್ ಸಾಕಷ್ಟು ಪ್ರಖರವಾಗಿದ್ದರೆ ಹಳದಿ ಕಡ್ಡಾಯ ಇಲ್ಲ ಅಂತ. "ನೋಡಿದ್ರಾ, ಅವರೇ ಬಿಟ್ಟರು" ಅನ್ನಬೇಡಿ. ಅವರ ಹಳಿಯ ಎರಡೂ ಬದಿಗೆ ಬೇಲಿ ಇದೆ. ನಮ್ಮ ಹಳಿ ದಾಟಿ ಎಮ್ಮೆ ಹೋಗುತ್ತೆ, ಹಿಂದೆ ಎಮ್ಮೆ ಕಾಯೋ ಹುಡುಗ.

ಬಣ್ಣವೊಂದೇ ಸಾಲದು ಅನ್ನೋದೂ ನಿಜ. ತುಮಕೂರಿನಿಂದ ಗುಬ್ಬಿ ಕಡೆ ಮುಖ ಮಾಡಿ ಸಂಜೆ ಐದೂವರೆಗೆ ನಿಂತು ನೋಡಿ. ಸೂರ್ಯ ರೈಲಿನ ಬೆನ್ನಿಗಿರ್ತಾನೆ, ಮೂತಿ ನೆರಳಲ್ಲಿ. ಆಗ ಹಳದಿಯೂ ಕಪ್ಪೇ, ಹಸಿರೂ ಕಪ್ಪೇ. ಕತ್ತಲಾಗುತ್ತಾ ಬಂದ ಹಾಗೆ ನಮ್ಮ ಕಣ್ಣಿಗೆ ಮೊದಲು ಮಂಕಾಗೋದು ಕೆಂಪು. ಹಾಗಾಗಿ ಕೆಂಪು ಪಟ್ಟೆಯನ್ನು ನಂಬಿಕೊಳ್ಳೋ ಹಾಗಿಲ್ಲ. ಅಲ್ಲಿ ದೀಪವೇ ಬೇಕು. ಹೆಡ್‌ಲೈಟ್ ಇದೆಯಲ್ಲ ಅಂತೀರಿ. ಒಂದೇ ಜಾಗದಲ್ಲಿರೋ ದೀಪ ಹತ್ತಿರ ಇದೆಯೋ ದೂರ ಇದೆಯೋ ಹೇಳೋದು ಕಷ್ಟ. ಅಮೆರಿಕದಲ್ಲಿ ಗಂಟೆಗೆ 20 ಮೈಲಿಗಿಂತ ವೇಗವಾಗಿ ಗೇಟು ದಾಟುವ ಎಂಜಿನ್ನಿಗೆ ಕೆಳಗಡೆ ಇನ್ನೆರಡು ದೀಪ ಇರಲೇಬೇಕು ಅಂತ ಮಾಡಿದರು, 1997ರ ಕೊನೆಯ ಗಡುವು ಕೊಟ್ಟು. ಮೂರು ದೀಪ ಸೇರಿ ತ್ರಿಕೋನ. ರೈಲು ಹತ್ತಿರ ಬಂದ ಹಾಗೆ ತ್ರಿಕೋನ ಅಗಲ ಆಗುತ್ತೆ, ಅಷ್ಟರಿಂದಲೇ ದೂರ ಗೊತ್ತಾಗುತ್ತೆ. ಎಷ್ಟು ಸರಳ ನೋಡಿ.

ಇದಕ್ಕೆ ರೈಲ್ವೆಯವರ ಉತ್ತರ ನನಗೆ ಗೊತ್ತು: ಗೇಟುಗಳನ್ನೇ ತೆಗೆದುಬಿಡ್ತೀವಿ. ಅದು ದೊಡ್ಡ ಕೆಲಸವೇ, ಅಲ್ಲಗಳೆಯೋದಿಲ್ಲ. ಬ್ರಾಡ್‌ಗೇಜ್ ಹಾದಿಯ ಕಾವಲಿಲ್ಲದ ಗೇಟುಗಳೆಲ್ಲ 2019ರ ಜನವರಿ ಹೊತ್ತಿಗೆ ಹೋದವು. ಅದಕ್ಕೆ ಮೊದಲು 2014ರ ಜುಲೈನಲ್ಲಿ ತೆಲಂಗಾಣದ ಮಾಸಾಯಿಪೇಟೆಯಲ್ಲಿ, 2018ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಕುಶಿನಗರದಲ್ಲಿ ಶಾಲೆ ಮಕ್ಕಳ ಗಾಡಿಗಳಿಗೆ ರೈಲು ಬಡಿದದ್ದು ನೆನಪಿರಬಹುದು. ಕಾವಲಿರುವ ಗೇಟೂ ಪೂರ್ತಿ ಭದ್ರವಲ್ಲ. 2025ರ ಜುಲೈನಲ್ಲಿ ತಮಿಳುನಾಡಿನ ಕಡಲೂರಿನ ಹತ್ತಿರ ಅಂಥದ್ದೇ ಗೇಟಿನಲ್ಲಿ ಶಾಲಾ ವ್ಯಾನಿಗೆ ರೈಲು ಬಡಿದು ಮೂವರು ಮಕ್ಕಳು ಹೋದರು. ಶಾಲೆಯ ಬಸ್ಸಿಗೆ ಹಳದಿ ಯಾಕೆ? ದೂರದಿಂದ ಎದ್ದು ಕಾಣಲಿ ಅಂತ. ಅಮೆರಿಕದವರು 1939ರಲ್ಲೇ ಸಭೆ ಸೇರಿ ಆ ಹಳದಿಯನ್ನು ಆರಿಸಿದರು. ನಲವತ್ತು ಮಕ್ಕಳು ಕೂರೋ ಬಸ್ಸಿಗೆ ಬೇಕಾದ ಬಣ್ಣ ಅದಕ್ಕೆ ಬಂದು ಬಡಿಯಬಹುದಾದ ಸಾವಿರಾರು ಟನ್ ಗಾಡಿಯ ಮುಖಕ್ಕೆ ಬೇಡವೇ?

ಇನ್ನು ಗೇಟಿನ ಬದಲಿಗೆ ಬಂದ ಅಂಡರ್‌ಪಾಸ್. ನೀರು ನಿಲ್ಲದ ಅಂಡರ್‌ಪಾಸ್ ಕಟ್ಟಿದರೆ ಮಾವ ಹಳಿ ಹತ್ತೋದೇ ಇಲ್ಲ. ಅದಾಗೋವರೆಗೆ?

ನಾನು ಕೇಳ್ತಿರೋದು ದುಬಾರಿಯದ್ದೇನಲ್ಲ. ಎಂಜಿನ್ನಿಗೆ ಕೂಲಂಕಷ ರಿಪೇರಿ ಸಮಯದಲ್ಲಿ ಹೇಗೂ ಹೊಸ ಬಣ್ಣ ಬಳೀತಾರೆ. ಮೈಗೆ ಯಾವ ಬಣ್ಣ ಬೇಕಾದರೂ ಬಳಿಯಲಿ, ಜಾಹೀರಾತೂ ಅಂಟಿಸಲಿ. ಮೂತಿ ಮಾತ್ರ ದೇಶಕ್ಕೆಲ್ಲ ಒಂದೇ, ಕಣ್ಣಿಗೆ ರಾಚೋ ಹಳದಿ ಇಲ್ಲ ಕಿತ್ತಳೆ. ಕೆಳಗೆ ಎರಡು ದೀಪ. 2023ರ ಸೆಪ್ಟೆಂಬರಿನಲ್ಲಿ ಕಾಸರಗೋಡಿನಿಂದ ಕೇಸರಿ ವಂದೇ ಭಾರತ್ ಹೊರಟಾಗ ಆ ಬಣ್ಣ ಯಾಕೆ ಅಂತ ಏನೇನೋ ಚರ್ಚೆ ಆಯ್ತು. ಹಳಿ ಪಕ್ಕ ನಿಂತವನಿಗೆ ಅದು ಬೇಗ ಕಾಣುತ್ತೆ ಅನ್ನೋ ಮಾತನ್ನು ಆ ಗದ್ದಲದಲ್ಲಿ ನಾನಂತೂ ಕೇಳಲಿಲ್ಲ. 2024ರಲ್ಲಿ ನಮ್ಮ ತುಮಕೂರಿನ ಸಂಸದರಾದ ವಿ. ಸೋಮಣ್ಣನವರೇ ರೈಲ್ವೆ ರಾಜ್ಯ ಸಚಿವರೂ ಆದರು. ಅವರಿಗೆ ಒಂದು ಕಾಗದ ಬರೆದಿಟ್ಟಿದ್ದೀನಿ, ಈ ವಾರ ಹಾಕ್ತೀನಿ. ಹೆಸರುಕಾಳಿನ ಲೆಕ್ಕವನ್ನೂ ಸೇರಿಸಿದ್ದೀನಿ.

ಮೊನ್ನೆ ಮಾವನಿಗೆ ಫೋನ್ ಮಾಡಿದ್ದೆ. ಇನ್ನೂ ಅಲ್ಲೇ ದಾಟ್ತೀರಾ ಮಾವ ಅಂದೆ. "ನೀರು ಇನ್ನೂ ಇಂಗಿಲ್ಲ ಕಣಪ್ಪಾ" ಅಂದರು. ಈಗ ಮೊಮ್ಮಗನನ್ನು ಜೊತೆಗೆ ಕರೆದುಕೊಂಡು ಹೋಗ್ತಾರಂತೆ. ಅವನು ಹಳಿ ಪಕ್ಕ ನಿಂತು ಎರಡೂ ಕಡೆ ನೋಡಿ ಕೈ ಬೀಸ್ತಾನೆ, ಆಮೇಲೆ ಇವರು ಗಾಡಿ ತಳ್ತಾರೆ. ಅವನಿಗೆ ಒಂಬತ್ತು ವರ್ಷ.