ಕೊಳವೆಯೊಳಗಣ ಲೋಳೆ

ಕಳೆದ ಚೈತ್ರದಲ್ಲಿ ನಮ್ಮ ಅಗ್ರಜರಿಗೆ ಮೂತ್ರವು ಕಟ್ಟಿಕೊಂಡು, ವೈದ್ಯರು ಮೂತ್ರಾಶಯಕ್ಕೆ ಕ್ಯಾಥೆಟರ್ ಎಂಬ ಸಿಲಿಕೋನಿನ ಕೊಳವೆಯನ್ನಿಟ್ಟು ಮನೆಗೆ ಕಳುಹಿಸಿದರು. ಅತ್ತಿಗೆಯವರು ಕೈ ತೊಳೆಯದೆ ಅದನ್ನು ಒಮ್ಮೆಯೂ ಮುಟ್ಟಿದವರಲ್ಲ. ಆದರೂ ಹತ್ತನೆಯ ದಿನ ಚಳಿಜ್ವರವು ಬಂದಿತು. ಕೊಳವೆಯನ್ನು ತೆಗೆದು ನೋಡಲಾಗಿ ಒಳಮೈಯೆಲ್ಲ ಲೋಳೆ; ತುದಿಯಲ್ಲಿ ಸುಣ್ಣದಂತಹ ಹರಳು. ತಮ್ಮ ಮಡಿಯಲ್ಲಿಯೇ ಲೋಪವಾಯಿತೆಂದು ಆಕೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಂದಿನಿಂದ ಈ ಲೋಳೆಯ ವಿಚಾರವು ನಮ್ಮನ್ನು ಬಿಡದೆ ಕಾಡಿ, ದೊರೆತಷ್ಟನ್ನು ಓದಿಸಿತು. ಅದನ್ನೇ ಈ ತಿಂಗಳು ವಾಚಕರ ಮುಂದಿಡುತ್ತಿರುವೆವು.

ನಿತ್ಯವೂ ನೀರು ಬೀಳುವ ಬಚ್ಚಲ ಕಲ್ಲು ಜಾರುವುದನ್ನೂ, ಬೆಳಗ್ಗೆ ಹಲ್ಲಿಗೆ ಅಂಟಿರುವ ಪದರವನ್ನೂ ಅರಿಯದ ಗೃಹಸ್ಥರಿಲ್ಲ. ಇದೂ ಅದೇ ಜಾತಿಯದು. ಬ್ಯಾಕ್ಟೀರಿಯಗಳು ಒಂಟಿಯಾಗಿ ತೇಲುತ್ತಿರುವಾಗ ಔಷಧಕ್ಕೆ ಸುಲಭವಾಗಿ ವಶವಾಗುವುವು. ನೆಲೆಯೊಂದು ಸಿಕ್ಕಿತೆಂದರೆ ಅಲ್ಲಿಯೇ ಅಂಟಿಕೊಂಡು, ತಾವೇ ಸ್ರವಿಸಿದ ಅಂಟಿನಿಂದ ಕೋಟೆ ಕಟ್ಟಿ ಒಳಗೆ ಸಂಸಾರ ಹೂಡುವುವು. ಆ ಕೋಟೆಯಲ್ಲಿ ಔಷಧಗಳ ಆಟವು ಹೆಚ್ಚಾಗಿ ಸಾಗದು. ಪ್ರೋಟಿಯಸ್ ಎಂಬ ಜಾತಿಯಂತೂ ಮೂತ್ರದ ಯೂರಿಯವನ್ನೊಡೆದು ಅಮೋನಿಯವನ್ನುಂಟುಮಾಡುವುದು. ಮೂತ್ರವು ಕ್ಷಾರವಾಗಿ, ಲವಣಗಳು ಹರಳುಗಟ್ಟಿ, ಕೊಳವೆಯೇ ಮುಚ್ಚಿಹೋಗುವುದುಂಟು. ಕೊಳವೆಯು ಒಳಗಿರುವ ಒಂದೊಂದು ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯವು ನೆಲೆಯೂರುವ ಸಂಭವವು ನೂರಕ್ಕೆ 3ರಿಂದ 7 ಎಂದು ಲೆಕ್ಕ. ತಿಂಗಳು ಕಳೆದರೆ ತಪ್ಪಿಸಿಕೊಂಡವರು ವಿರಳ.

ಈ ಬ್ಯಾಕ್ಟೀರಿಯಗಳಿಗೂ ಶತ್ರುಗಳುಂಟು. 1896ರಲ್ಲಿ ಅರ್ನೆಸ್ಟ್ ಹ್ಯಾಂಕಿನ್ ಎಂಬ ಆಂಗ್ಲ ವಿಜ್ಞಾನಿಯು, ಗಂಗಾಯಮುನೆಯರ ನೀರು ಕಾಲರಾ ಕ್ರಿಮಿಯನ್ನು ಕೊಲ್ಲುವುದೆಂದೂ ಕುದಿಸಿದರೆ ಆ ಶಕ್ತಿಯು ಅಳಿಯುವುದೆಂದೂ ಬರೆದನು. ಅದಕ್ಕೆ ಕಾರಣವೇನೆಂಬುದರಲ್ಲಿ ಪಂಡಿತರಿಗೆ ಭಿನ್ನಾಭಿಪ್ರಾಯವಿದೆ. 1915ರಲ್ಲಿ ಟ್ವಾರ್ಟ್, 1917ರಲ್ಲಿ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯ ದೆರೆಲ್, ಬ್ಯಾಕ್ಟೀರಿಯವನ್ನೇ ನಾಶಮಾಡುವ ವೈರಸ್ಸನ್ನು ಕಂಡರು. ಬ್ಯಾಕ್ಟೀರಿಯೊಫೇಜ್, ಎಂದರೆ ಬ್ಯಾಕ್ಟೀರಿಯಭಕ್ಷಕ, ಎಂಬ ಹೆಸರು ದೆರೆಲ್ಲರಿಟ್ಟದ್ದು. ನಮಗೆ ಈ ಹೆಸರು ಒಪ್ಪಿಗೆಯಿಲ್ಲ. ಅದು ಭಕ್ಷಿಸುವುದೆಲ್ಲಿ? ಬ್ಯಾಕ್ಟೀರಿಯದ ಮೈಮೇಲಿಳಿದು, ತನ್ನ ಬೀಜದ್ರವ್ಯವನ್ನು ಒಳಕ್ಕೆ ಹೊಗಿಸಿ, ಅದರ ಸಾಮಗ್ರಿಯಿಂದಲೇ ಸಂತಾನವನ್ನು ಮಾಡಿಸಿಕೊಳ್ಳುವುದು. ಕೆಲವು ಜಾತಿಗಳಲ್ಲಿ ಅರ್ಧ ಗಂಟೆಯೊಳಗಾಗಿ ನೂರರಷ್ಟು ಮರಿಗಳು ಮನೆಯನ್ನೊಡೆದು ಹೊರಬೀಳುವುವು. ಮನುಷ್ಯನ ಜೀವಕೋಶಗಳನ್ನು ಇವು ಹೀಗೆ ಒಡೆಯಲಾರವು.

ಹಾಗಾದರೆ ಈ ಶತ್ರುವನ್ನು ಕೊಳವೆಗೇ ಮೊದಲು ಲೇಪಿಸಿಟ್ಟರೆ ಹೇಗೆ? ಲೋಳೆ ಕಟ್ಟಿದ ಮೇಲೆ ಕೋಟೆಗೆ ಲಗ್ಗೆ ಹಾಕುವುದಕ್ಕಿಂತ, ಅಸ್ತಿಭಾರ ಹಾಕಬಂದವನನ್ನೇ ತಡೆಯುವುದು ಮೇಲಲ್ಲವೆ? 2006ರಲ್ಲಿ ಅಮೆರಿಕದಲ್ಲಿ ಕರ್ಟಿನ್ ಮತ್ತು ಡೊನ್ಲಾನ್ ಎಂಬವರು, ನೀರನ್ನು ಹೀರಿಕೊಳ್ಳುವ ಹೈಡ್ರೋಜೆಲ್ ಸವರಿದ ಕೊಳವೆಗಳಿಗೆ ಫೇಜನ್ನು ಹೀರಿಸಿ, ಸ್ಟ್ಯಾಫಿಲೊಕಾಕಸ್ ಜಾತಿಯೊಂದನ್ನು ಹರಿಸಿ ನೋಡಿದರು. ಲೇಪವಿಲ್ಲದ ಕೊಳವೆಯಲ್ಲಿ ಹತ್ತು ಸಾವಿರ ಜೀವಿಗಳಿದ್ದೆಡೆ ಲೇಪವಿದ್ದುದರಲ್ಲಿ ಒಂದೂ ಉಳಿಯಲಿಲ್ಲವೆನ್ನುವಷ್ಟು ಅಂತರ. 2010ರಲ್ಲಿ ಸ್ಯೂಡೊಮೊನಾಸ್ ಮೇಲೆ ಒಂದೇ ಫೇಜನ್ನು ಬಿಟ್ಟಾಗ ಮೊದಲ ದಿನ ಜಯ, ಎರಡನೆಯ ದಿನ ಲೋಳೆಯು ಪುನಃ ತಲೆಯೆತ್ತಿತು. ಫೇಜಿಗೆ ಬಗ್ಗದ ಸಂತತಿಯು ಹುಟ್ಟಿಕೊಂಡಿದ್ದಿತು. ಐದು ಜಾತಿಯ ಫೇಜುಗಳನ್ನು ಕೂಡಿಸಿದಾಗ 48 ಗಂಟೆಗಳ ಮೇಲೂ ನೂರಕ್ಕೆ 99.9 ಪಾಲು ತಗ್ಗಿದ್ದಿತು. ಪಾಂಡವರ ನೆನಪಾಗದೆ ಇರದು! ಅದೇ ವರ್ಷ ಪ್ರೋಟಿಯಸ್ಸಿನ ಮೇಲೆ ನಡೆದ ಪರೀಕ್ಷೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ತಗ್ಗಿತು.

ಇವೆಲ್ಲ ಪ್ರಯೋಗಶಾಲೆಯ ಪರೀಕ್ಷೆಗಳು; ಅಂಗಡಿಯಲ್ಲಿ ಕೇಳಿ ಕೊಳ್ಳುವ ಕಾಲವಿನ್ನೂ ಬಂದಿಲ್ಲ. ಒಂದು ಫೇಜು ತನ್ನ ಜಾತಿಯ ಬ್ಯಾಕ್ಟೀರಿಯವನ್ನಲ್ಲದೆ ಮತ್ತೊಂದನ್ನು ಮುಟ್ಟದು. ರೋಗಿಯ ಕೊಳವೆಯಲ್ಲಿಯೋ ಹಲವು ಜಾತಿಗಳ ಸಂತೆ. ಲೇಪವು ಒಣಗಿದರೆ ಫೇಜಿನ ಬಲವು ಕುಂದಬಹುದು. ಅಲ್ಲಿಯವರೆಗೆ ಗೃಹಸ್ಥರ ಕೈಯಲ್ಲಿರುವುದು ಹಳೆಯ ಉಪಾಯಗಳೇ: ಮೂತ್ರದ ಚೀಲವನ್ನು ಸದಾ ಮೂತ್ರಾಶಯಕ್ಕಿಂತ ಕೆಳಗಿಡುವುದು, ಕೊಳವೆಯ ಕೀಲನ್ನು ವೃಥಾ ಬಿಚ್ಚದಿರುವುದು, ಮತ್ತು “ಇದನ್ನು ಎಂದು ತೆಗೆಯುವಿರಿ?” ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳುವುದು. ನಾವು ಈ ಕೊನೆಯದನ್ನು ಕೇಳಲಿಲ್ಲ.

ಬರೆದುದನ್ನು ಅತ್ತಿಗೆಯವರಿಗೆ ಓದಿ ಹೇಳಿದೆವು. ಆಕೆ ಫೇಜಿನ ವಿಷಯವನ್ನೆಲ್ಲ ಸುಮ್ಮನೆ ಕೇಳಿ, “ಹಾಗಾದರೆ ಅದು ನನ್ನ ಕೈಯಿಂದಾದುದಲ್ಲವೆ?” ಎಂದರು. ಅಲ್ಲವೆಂದೆವು. ದಿನಕ್ಕೆ ನೂರಕ್ಕೆ ಎಷ್ಟೆಂದಿರಿ ಎಂದು ಆ ಲೆಕ್ಕವನ್ನು ಮತ್ತೊಮ್ಮೆ ಓದಿಸಿಕೊಂಡರು.