ಗೋಡೆಗಳಿಗೆ ಮಾತು ಬರುವುದು ಎಂದು?

ಅಂಧ ಪ್ರಜೆಯೊಬ್ಬ ಮುಂಡರಗಿಯಿಂದ ಬಸ್ಸೇರಿ ಗದುಗಿಗೆ ಬಂದು, ಸರಕಾರಿ ಕಚೇರಿಯ ಬಾಗಿಲ ತನಕ ಮೊಬೈಲಿನ ಮಾತು ಕೇಳುತ್ತ ನಡೆಯುವ ಕಾಲ ಬಂದಿದೆ. ಆ ಯಂತ್ರವು ಪರದೆಯ ಮೇಲಿನ ಅಕ್ಷರವನ್ನು ಕನ್ನಡದಲ್ಲಿಯೇ ಓದುತ್ತದೆ, ಎಡ-ಬಲ ಹೇಳಿ ದಾರಿ ತೋರುತ್ತದೆ. ಆದರೆ ಹೊಸ್ತಿಲು ದಾಟಿದೊಡನೆ ದಿಕ್ಕುಗೆಡುತ್ತದೆ! ಉಪಗ್ರಹದ ಸಂಕೇತ ಕಾಂಕ್ರೀಟಿನ ಮಾಳಿಗೆಯ ಕೆಳಗೆ ಸರಿಯಾಗಿ ಸಿಗುವುದಿಲ್ಲ. ಪಿಂಚಣಿಯ ಕೋಣೆ ಯಾವುದು, ಮೆಟ್ಟಿಲು ಎಲ್ಲಿ, ಶೌಚಾಲಯ ಎಲ್ಲಿ, ಅದು ಹೇಳಲಾರದು. ಬೀದಿಯಲ್ಲಿ ಸ್ವತಂತ್ರನಾಗಿದ್ದವನು ತನ್ನದೇ ಸರಕಾರದ ಮನೆಯೊಳಗೆ ಪರಾಧೀನನಾಗುತ್ತಾನೆ.

ಇದಕ್ಕೆ ಉಪಾಯವಿಲ್ಲವೆ? ಇದೆ. ಬೀಕನ್ ಎಂಬ ಚಿಕ್ಕ ಸಾಧನವನ್ನು ಗೋಡೆಗೆ ಅಂಟಿಸಿದರೆ ಅದು ಬ್ಯಾಟರಿಯ ಬಲದಿಂದ ತನ್ನ ಗುರುತನ್ನು ಸಾರುತ್ತಿರುತ್ತದೆ. ಮೊಬೈಲು ಅದನ್ನು ಗ್ರಹಿಸಿ ಮುಂದಿನ ಹೆಜ್ಜೆ ಹೇಳುತ್ತದೆ. ಲಂಡನ್ನಿನ ಪಿಮ್ಲಿಕೊ ಭೂಗತ ರೈಲು ನಿಲ್ದಾಣದಲ್ಲಿ 2015ರಲ್ಲಿ ಇದರ ಪ್ರಯೋಗ ನಡೆಯಿತು. ಬೇಡಿಕೆ ಇಟ್ಟವರು ಅಲ್ಲಿಯ ಅಂಧ ತರುಣರೇ. ಬಾರ್ಸೆಲೋನಾದಲ್ಲಿ ಬಣ್ಣದ ಚೌಕಗಳ ಫಲಕವನ್ನು ಮೊಬೈಲಿನ ಕ್ಯಾಮರಾ ದೂರದಿಂದಲೇ ಓದಿ ಹೇಳುತ್ತದೆ. ನಮ್ಮ ಮೈಸೂರಿನಲ್ಲಿಯೇ 2023ರಲ್ಲಿ ಸಿಟಿ ಬಸ್ಸುಗಳಿಗೆ ಅಂಧರಿಗಾಗಿ ದನಿ ಬಂತು. ಬಸ್ಸಿಗೆ ಬಂದ ಮಾತು ಕಟ್ಟಡಕ್ಕೇಕೆ ಬರಬಾರದು?

"ಅಂಧರು ಎಷ್ಟು ಜನರಿದ್ದಾರೆ? ಯಾರಾದರೂ ಕೈಹಿಡಿದು ಕರೆತಂದರಾಯಿತು" ಎನ್ನುವ ಮಹನೀಯರಿದ್ದಾರೆ. ಕೈಹಿಡಿದು ಬರುವವರು ಯಾರು? ಅಂದಿನ ಕೂಲಿ ಬಿಟ್ಟು ಬರುವ ಹೆಂಡತಿ, ಶಾಲೆ ಬಿಟ್ಟು ಬರುವ ಮಗ. ಅವರೂ ಇಲ್ಲದವನ ಕೈಯನ್ನು ದಲ್ಲಾಳಿ ಹಿಡಿಯುತ್ತಾನೆ. ಹಿಡಿದ ಕೈಯಿಂದಲೇ ಕಿಸೆಗೂ ಇಳಿಯುತ್ತಾನೆ!

ಇದೂ ಗದುಗಿನಲ್ಲಿ! ಅಂಧರಾದ ಪಂಚಾಕ್ಷರಿ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಊರು ಇದು. ಅವರು 1944ರಲ್ಲಿ ತೀರಿಕೊಂಡ ಮೇಲೆ ಅದನ್ನು ಬೆಳೆಸಿದ ಪುಟ್ಟರಾಜ ಗವಾಯಿಗಳೂ ಅಂಧರೇ. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥ ರಚಿಸಿದ ಅವರಿಗೆ 2010ರಲ್ಲಿ ಪದ್ಮಭೂಷಣ ಸಂದಿತು. ಅಂಥವರ ಭಾವಚಿತ್ರಕ್ಕೆ ಮಾಲೆ, ಅವರ ಶಿಷ್ಯರಿಗೆ ಕಚೇರಿಯಲ್ಲಿ ತಡಕಾಟ! ಇದೆಂಥ ಗೌರವ?

ನಾವು ಕೇಳುತ್ತಿರುವುದು ದಾನವಲ್ಲ, ಕಾನೂನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 45ನೆಯ ಕಲಮು, ನಿಯಮಗಳು ಪ್ರಕಟವಾದ 5 ವರ್ಷದೊಳಗೆ ಇದ್ದ ಸಾರ್ವಜನಿಕ ಕಟ್ಟಡಗಳೆಲ್ಲ ಅಂಗವಿಕಲರಿಗೆ ಸುಗಮವಾಗಬೇಕೆಂದಿತು. ನಿಯಮಗಳು ಬಂದದ್ದು 2017ರ ಜೂನಿನಲ್ಲಿ. ಗಡುವು 2022ಕ್ಕೇ ಮುಗಿಯಿತು. ನಿಯಮಕ್ಕೆ ಒಗ್ಗದ ಹೊಸ ಕಟ್ಟಡಕ್ಕೆ ಪೂರ್ಣತಾ ಪತ್ರವನ್ನೇ ಕೊಡಬಾರದೆಂದು 44ನೆಯ ಕಲಮು ಹೇಳುತ್ತದೆ. ರಾಜೀವ್ ರತೂರಿ ಎಂಬ ಅಂಧರು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು, ಬರೀ ಸಲಹೆಯಂತಿರುವ ನಿಯಮ ಸಾಲದು, ಕಡ್ಡಾಯ ನಿಯಮ ಮಾಡಿರೆಂದು ಕೇಂದ್ರಕ್ಕೆ 3 ತಿಂಗಳ ಗಡುವು ಕೊಟ್ಟಿತು.

ಒಂದು ಮಾತಿನ ಎಚ್ಚರ. ನಾಳೆ ಮಂತ್ರಿಗಳು ಬಂದು ಒಂದು ಆ್ಯಪ್ ಉದ್ಘಾಟಿಸಿ, ಹಾರ ಹಾಕಿಸಿಕೊಂಡು ಹೋದಾರು! ಮೊಬೈಲು ಕೊಳ್ಳಲಾಗದ ಬಡ ಅಂಧನ ಗತಿಯೇನು? ಚಾರ್ಜು ತೀರಿದರೆ? ಆದ್ದರಿಂದ ಕಾಲಿಗೆ ತಾಗುವ ಉಬ್ಬು ಪಟ್ಟಿ, ಬಾಗಿಲಿಗೆ ಬ್ರೈಲ್ ಫಲಕ ಮೊದಲು. ಮೊಬೈಲಿನ ನೆರವು ಅದರ ಮೇಲೆ. ಆ ಮೊಬೈಲಿನ ಮಾತೂ ಕನ್ನಡದಲ್ಲಿರಬೇಕು. ಕೋಣೆ ಬದಲಾದ ದಿನವೇ ಅದರ ನಕ್ಷೆ ಬದಲಾಗಬೇಕು. ಇದೆಲ್ಲವನ್ನೂ ಪರೀಕ್ಷಿಸುವವರು ಇಂಜಿನಿಯರರಲ್ಲ, ಅಂಧರೇ ಆಗಬೇಕು. ಆ ದುಡಿಮೆಗೆ ಸರಕಾರ ಸಂಬಳ ಕೊಡಬೇಕು.

ಬಂಧುಗಳೇ, ಗದಗ-ಬೆಟಗೇರಿ ನಗರಸಭೆ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಾಲೂಕು ಕಚೇರಿಗಳು, ಬಸ್ ನಿಲ್ದಾಣಗಳು, ಸರಕಾರಿ ದವಾಖಾನೆಗಳು: ಒಂದೊಂದಕ್ಕೂ ಮಾಹಿತಿ ಹಕ್ಕಿನ ಅರ್ಜಿ ಹಾಕಿರಿ. 45ನೆಯ ಕಲಮಿನಂತೆ ಏನು ಮಾಡಿದ್ದೀರೆಂದು ಕೇಳಿರಿ. ಉತ್ತರ ಬಾರದಿದ್ದರೆ ಅಂಧ ಬಂಧುಗಳನ್ನು ಮುಂದಿಟ್ಟುಕೊಂಡು ಬಾಗಿಲಿಗೆ ಹೋಗೋಣ. ಗೋಡೆಗಳು ತಾವಾಗಿ ಮಾತನಾಡುವುದಿಲ್ಲ, ಜನ ಮಾತನಾಡಿಸಬೇಕು.