ಲಿಸ್ಟಿನ್ಯಾಗ ಇಲ್ಲದ ತ್ರಾಸ

ಮಿನಿ ಪ್ರಾಜೆಕ್ಟಿಗೆ ನಾವು ಆಸ್ಪತ್ರೆಯ ಓಪಿಡಿ ಆ್ಯಪ್ ಮಾಡಿದ್ವಿ. ಟೆಸ್ಟ್ ಮಾಡೋಕೆ ಗೆಳೆಯನ ಅಜ್ಜಿಯನ್ನ ಕೇಳಿದ್ವಿ: "ಏನ್ ತ್ರಾಸ ಐತ್ರಿ ಅಜ್ಜಿ?"

"ಎದಿ ಧಸಕ್ ಅಂತೈತ್ಯೋ ತಮ್ಮಾ."

ನಮ್ಮ ಲಿಸ್ಟಿನಲ್ಲಿ ಅದು ಇರಲಿಲ್ಲ. 'ಎದೆನೋವು' ಒತ್ತಿ ಮುಂದೆ ಹೋದ್ವಿ. ಚಹಾ ಕುಡಿಯುವಾಗ ಅಜ್ಜಿ ಉಳಿದದ್ದನ್ನ ಹೇಳಿದ್ರು. ಮಗ ಲಾರಿ ಓಡಿಸ್ತಾನೆ. ರಾತ್ರಿ ಫೋನ್ ಬಂದ್ರೆ ಸಾಕು, ಹಾಗಾಗುತ್ತೆ. ಅದು ನೋವಲ್ಲ, ಅಂಜಿಕೆ. ನಮ್ಮ ಡೇಟಾಬೇಸಿನಲ್ಲಿ ಮಾತ್ರ ಎದೆನೋವು!

ಇಸಿಜಿ ಬೇಡ ಅಂತ ನಾವು ಹೇಳ್ತಿಲ್ಲ. ಎದೆ ಹೇಗೆ ಬಡಿಯುತ್ತೆ ಅನ್ನೋದನ್ನ ಇಸಿಜಿ ತೋರಿಸುತ್ತೆ. ಯಾವಾಗ, ಯಾಕೆ ಅನ್ನೋದನ್ನ ಅಜ್ಜಿಯೇ ಹೇಳಬೇಕು.

ಧಾರವಾಡಕ್ಕೆ ಈ ಪಾಠ ಹೊಸದಲ್ಲ. ಇಲ್ಲಿ ವೈದ್ಯೆಯಾಗಿದ್ದ ಅನುಪಮಾ ನಿರಂಜನ ಕಾದಂಬರಿಕಾರ್ತಿಯೂ ಹೌದು. 'ಕೇಳು ಕಿಶೋರಿ' ಬರೆದು, ಹುಡುಗಿಯರು ಕೇಳೋಕೆ ನಾಚುವ ಸಂಗತಿಗಳನ್ನ ತಿಳಿಗನ್ನಡದಲ್ಲಿ ಹೇಳಿದರು. ಡಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಚಿಕಿತ್ಸೆ ಶುರುವಾಗೋದೇ ರೋಗಿಯ, ಮನೆಯವರ ಮಾತು ಕೇಳೋದರಿಂದ. 2019ರಿಂದ ಎಂಬಿಬಿಎಸ್ ಪಠ್ಯದಲ್ಲಿ ರೋಗಿಯ ಜೊತೆ ಮಾತಾಡೋದೂ ಒಂದು ಕಲಿಕೆ. ಆದರೆ ಡಾಕ್ಟರ ಮುಂದಿನ ಸ್ಕ್ರೀನ್ ಮಾಡೋರು ನಾವು. ನಮಗೆ ಕೇಳಿಸಿಕೊಳ್ಳೋದನ್ನ ಕಲಿಸೋರು ಯಾರು?

ಪ್ರಾಜೆಕ್ಟ್ ರಿವ್ಯೂನಲ್ಲಿ "ಆಕ್ಯುರಸಿ ಎಷ್ಟು?" ಅಂತ ಕೇಳ್ತಾರೆ. "ಎಷ್ಟು ಮಂದಿಯ ಮಾತು ಪೂರ್ತಿ ಕೇಳಿದ್ರಿ?" ಅಂತಲೂ ಕೇಳಲಿ, ಅದಕ್ಕೂ ಮಾರ್ಕ್ಸ್ ಇರಲಿ.

ನಾವಂತೂ ಆ್ಯಪ್‌ಗೆ ಒಂದು ಮೈಕ್ ಬಟನ್ ಸೇರಿಸಿದ್ವಿ. ಅದರ ಮೇಲೆ ಹೀಗೆ ಬರೆದ್ವಿ: "ನಿಮ್ಮ ಮಾತಿನ್ಯಾಗ ಹೇಳ್ರಿ."